ಹೊಗೆ ಇಲ್ಲಿ, ಲೆಕ್ಕ ಅಲ್ಲಿ

ಲೀಡ್ಸ್‌ನಿಂದ ಹಲ್ ಕಡೆಗೆ ಎಂ62 ಹೆದ್ದಾರಿಯಲ್ಲಿ ಕಾರು ಓಡಿಸಿದವರಿಗೆಲ್ಲ ಈ ನೋಟ ಪರಿಚಿತ. ಯಾರ್ಕ್‌ಶೈರಿನ ಚಪ್ಪಟೆ ಬಯಲಿನಲ್ಲಿ ದೊಡ್ಡ ದೊಡ್ಡ ಡಮರುಗಳನ್ನು ನಿಲ್ಲಿಸಿದಂತೆ ಹನ್ನೆರಡು ಗೋಪುರಗಳು, ಅವುಗಳ ತಲೆಯ ಮೇಲೆ ಬೆಳ್ಳಗೆ ಏಳುವ ಮೋಡ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು "ಅಬ್ಬಾ, ಎಷ್ಟೊಂದು ಹೊಗೆ!" ಎನ್ನುತ್ತಾರೆ. ಅದು ಹೊಗೆಯಲ್ಲ, ಬರೀ ನೀರಾವಿ. ನಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಅದೇ. ನಿಜವಾದ ಹೊಗೆ ಬರುವುದು ಆ ಗೋಪುರಗಳ ನಡುವೆ ನಿಂತ 259 ಮೀಟರ್ ಎತ್ತರದ ಚಿಮಣಿಯಿಂದ. ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ವಿಚಿತ್ರವೆಂದರೆ, ಕಂಪನಿಯ ಲೆಕ್ಕದ ಮುಖ್ಯ ಕಾಲಮ್ಮಿನಲ್ಲಿಯೂ ಅದು ಕಾಣುವುದಿಲ್ಲ.

ಇದು ಡ್ರ್ಯಾಕ್ಸ್ ವಿದ್ಯುತ್ ಸ್ಥಾವರ. ಸೆಲ್ಬಿ ಪಟ್ಟಣದ ಹತ್ತಿರ ಅದೇ ಹೆಸರಿನ ಪುಟ್ಟ ಹಳ್ಳಿಯ ಪಕ್ಕದಲ್ಲಿದೆ.

ಕಥೆ, ಕವಿತೆ, ಪುಸ್ತಕ ಪರಿಚಯಗಳ ನಡುವೆ ಕರೆಂಟು ಕಂಪನಿಯ ಲೆಕ್ಕವೇಕೆ ಎಂದು ಕೇಳುವವರು ನಮ್ಮ ಬಳಗದಲ್ಲಿ ಖಂಡಿತ ಇದ್ದೀರಿ. ಎರಡು ಕಾರಣ ಕೊಡುತ್ತೇವೆ. ಒಂದು, ಈ ದೇಶದಲ್ಲಿ ಕರೆಂಟು ಬಳಸುವ ನಾವೆಲ್ಲ ಈ ಕಂಪನಿಗೆ ಬಿಲ್ಲಿನ ಮೂಲಕವೋ ತೆರಿಗೆಯ ಮೂಲಕವೋ ಸಹಾಯಧನ ಕೊಡುತ್ತಿದ್ದೇವೆ. ಎರಡು, ಕಂಪನಿಗಳ ಇಂಗಾಲದ ವರದಿಯೂ ಒಂದು ಗದ್ಯಪ್ರಕಾರವೇ. ಅದರಲ್ಲಿ ಯಾವ ಕ್ರಿಯಾಪದ ಬಳಸಿದ್ದಾರೆ, ಯಾವ ಸಂಗತಿಯನ್ನು ಮುಖ್ಯ ಪುಟದಿಂದ ಅಡಿಟಿಪ್ಪಣಿಗೆ ತಳ್ಳಿದ್ದಾರೆ ಎಂಬುದನ್ನೆಲ್ಲ ಗಮನಿಸುವ ಅಭ್ಯಾಸ ಲೆಕ್ಕಪರಿಶೋಧಕರಿಗಿಂತ ಸಾಹಿತ್ಯ ಓದುವವರಿಗೇ ಹೆಚ್ಚು. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಬೇಕಾದರೆ ಕೋಷ್ಟಕಗಳ ಕೆಲಸ ಬಿಡಿ.

ಮೊದಲು ಸ್ವಲ್ಪ ಹಿನ್ನೆಲೆ. ಡ್ರ್ಯಾಕ್ಸ್ ಕಟ್ಟಿದ್ದು ಕಲ್ಲಿದ್ದಲಿಗಾಗಿ. ಮೊದಲ ಅರ್ಧ 1970ರ ದಶಕದ ನಡುವಿನಲ್ಲಿ, ಉಳಿದರ್ಧ 1986ರಲ್ಲಿ ಮುಗಿಯಿತು. ಆರು ಘಟಕ, ಹತ್ತಿರ ಹತ್ತಿರ 4000 ಮೆಗಾವಾಟ್. ಕಾಲ ಕೆಳಗೇ ಸೆಲ್ಬಿಯ ಕಲ್ಲಿದ್ದಲು ಗಣಿಗಳಿದ್ದವು. ಅವು 2004ರಲ್ಲಿ ಮುಚ್ಚಿದವು. ಸಮೀಪದ ಕೆಲಿಂಗ್ಲಿ ಗಣಿ 2015ರ ಡಿಸೆಂಬರಿನಲ್ಲಿ ಮುಚ್ಚಿತು. ಬ್ರಿಟನ್ನಿನ ಆಳ ಗಣಿಗಳಲ್ಲಿ ಅದೇ ಕೊನೆಯದು. ಅಷ್ಟರಲ್ಲಿ ಡ್ರ್ಯಾಕ್ಸ್ ಬೇರೆ ದಾರಿ ಹಿಡಿದಾಗಿತ್ತು. 2013ರಿಂದ 2018ರೊಳಗೆ ನಾಲ್ಕು ಘಟಕಗಳನ್ನು ಕಲ್ಲಿದ್ದಲಿನಿಂದ ಮರಕ್ಕೆ ಬದಲಾಯಿಸಿತು. 2021ರ ಮಾರ್ಚ್‌ನಲ್ಲಿ ಕಲ್ಲಿದ್ದಲಿನ ವಾಣಿಜ್ಯ ಉತ್ಪಾದನೆ ನಿಲ್ಲಿಸಿತು.

ಮರ ಎಂದರೆ ಸೌದೆಯಲ್ಲ. ಮರವನ್ನು ಪುಡಿ ಮಾಡಿ, ಒಣಗಿಸಿ, ಒತ್ತಿ ಮಾಡಿದ ಗುಳಿಗೆಗಳು, ಪೆಲೆಟ್‌ಗಳು. ಊರಿನ ಹಾಲಿನ ಡೈರಿಯಲ್ಲಿ ಕೊಡುವ ಪಶು ಆಹಾರ ನೋಡಿದ್ದೀರಲ್ಲ, ಸುಮಾರಾಗಿ ಆ ಗಾತ್ರ, ಆ ಆಕಾರ. ಬಹುಪಾಲು ಬರುವುದು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಮತ್ತು ಕೆನಡಾದಿಂದ. ಲೂಸಿಯಾನಾ, ಮಿಸ್ಸಿಸ್ಸಿಪ್ಪಿಗಳಲ್ಲಿ ಕಂಪನಿಯದೇ ಪೆಲೆಟ್ ಕಾರ್ಖಾನೆಗಳಿವೆ. 2021ರಲ್ಲಿ ಕೆನಡಾದ ಪಿನಾಕಲ್ ಎಂಬ ಕಂಪನಿಯನ್ನೂ ಕೊಂಡುಕೊಂಡಿತು. ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ, ಬಂದರಿನಿಂದ ಮುಚ್ಚಿದ ರೈಲು ವ್ಯಾಗನ್ನುಗಳಲ್ಲಿ ಯಾರ್ಕ್‌ಶೈರಿಗೆ. ವರ್ಷಕ್ಕೆ ಹಲವು ದಶಲಕ್ಷ ಟನ್.

ಈಗ ಪ್ರಶ್ನೆ ಸರಳ. ಡ್ರ್ಯಾಕ್ಸ್‌ನಲ್ಲಿ ಮರ ಸುಟ್ಟು ಒಂದು ಯೂನಿಟ್ ಕರೆಂಟು ತೆಗೆದರೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ?

ಸರಳ ಪ್ರಶ್ನೆಗೆ ಮೂರು ಉತ್ತರಗಳಿವೆ. ಮೂರೂ ಅಧಿಕೃತ ಲೆಕ್ಕಗಳಿಂದಲೇ ಬಂದವು.

ಮೊದಲನೆಯದು ಚಿಮಣಿಯ ಲೆಕ್ಕ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಪ್ರತಿ ಇಂಧನಕ್ಕೂ ಒಂದು ಗುಣಾಂಕ ಕೊಟ್ಟಿದೆ. ಒಂದು ಗಿಗಾಜೂಲ್ ಶಾಖ ಬರುವಷ್ಟು ಇಂಧನ ಸುಟ್ಟರೆ ಮರದಿಂದ 112 ಕಿಲೋ, ಉತ್ತಮ ದರ್ಜೆಯ ಕಲ್ಲಿದ್ದಲಿನಿಂದ 94.6 ಕಿಲೋ, ನೈಸರ್ಗಿಕ ಅನಿಲದಿಂದ 56.1 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸ್ಥಾವರದ ದಕ್ಷತೆ ನೂರಕ್ಕೆ 38 ಎಂದು ಹಿಡಿದು ಗುಣಿಸಿ ಭಾಗಿಸಿದರೆ, ಮರದ ಒಂದು ಯೂನಿಟ್ಟಿಗೆ ಸುಮಾರು 1060 ಗ್ರಾಂ, ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 900 ಗ್ರಾಂ. ಹೌದು, ತಪ್ಪು ಓದಲಿಲ್ಲ. ಚಿಮಣಿಯ ತುದಿಯಲ್ಲಿ ನಿಂತು ಅಳೆದರೆ ಮರ ಕಲ್ಲಿದ್ದಲಿಗಿಂತ ಹೆಚ್ಚು ಇಂಗಾಲ ಉಗುಳುತ್ತದೆ.

ಎರಡನೆಯದು 120 ಗ್ರಾಂ. ಬ್ರಿಟನ್ನಿನ ವಿದ್ಯುತ್ ಜಾಲವನ್ನು ನಡೆಸುವ ಸಂಸ್ಥೆ ಈ ಹೊತ್ತಿನ ಕರೆಂಟು ಎಷ್ಟು ಸ್ವಚ್ಛ ಎಂದು ಅರ್ಧ ಗಂಟೆಗೊಮ್ಮೆ ಪ್ರಕಟಿಸುತ್ತದೆ. ನಮ್ಮಂಥವರು ಆ ಅಂಕಿಗಳನ್ನು ಪ್ರೋಗ್ರಾಮ್ ಬರೆದು ನೇರವಾಗಿ ಓದಿಕೊಳ್ಳಬಹುದು. ಕೆಲವರು ಬಟ್ಟೆ ಒಗೆಯುವ ಯಂತ್ರವನ್ನು, ಕಾರಿನ ಚಾರ್ಜರನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡಿರುವುದೂ ಉಂಟು. ಅದರ ಲೆಕ್ಕದಲ್ಲಿ ಕಲ್ಲಿದ್ದಲಿಗೆ 937 ಗ್ರಾಂ, ಅನಿಲಕ್ಕೆ 394 ಗ್ರಾಂ, ಮರಕ್ಕೆ 120 ಗ್ರಾಂ. ಮರ ಕಡಿಯುವ, ಒಣಗಿಸುವ, ಪುಡಿ ಮಾಡುವ, ಹಡಗು ಮತ್ತು ರೈಲಿನಲ್ಲಿ ಸಾಗಿಸುವ ಖರ್ಚಿನ ಇಂಗಾಲ ಅಷ್ಟಾಗುತ್ತದೆ. ಸುಟ್ಟಾಗ ಬಂದದ್ದು ಇದರಲ್ಲಿ ಸೇರಿಲ್ಲ.

ಮೂರನೆಯದು ಸೊನ್ನೆ. ನಮಗೆ ಕರೆಂಟು ಮಾರುವ ಕಂಪನಿಗಳು ವರ್ಷಕ್ಕೊಮ್ಮೆ ತಮ್ಮ ಇಂಧನಗಳ ಪಟ್ಟಿ ಪ್ರಕಟಿಸಬೇಕೆಂಬ ನಿಯಮವಿದೆ: ಕಲ್ಲಿದ್ದಲು ಇಷ್ಟು, ಅನಿಲ ಇಷ್ಟು, ಅಣುಶಕ್ತಿ ಇಷ್ಟು, ನವೀಕರಿಸಬಹುದಾದದ್ದು ಇಷ್ಟು. ಆ ಕೊನೆಯ ಸಾಲಿನ ಮುಂದೆ ಇಂಗಾಲ ಸೊನ್ನೆ. ಗಾಳಿ, ಬಿಸಿಲುಗಳ ಜೊತೆಗೆ ಮರವೂ ಅದೇ ಸಾಲಿನಲ್ಲಿ ಕೂತಿದೆ. ಇಂಗಾಲ ಹೊರಸೂಸುವ ಸ್ಥಾವರಗಳು ಟನ್ನಿಗೆ ಇಂತಿಷ್ಟು ಎಂದು ಪರವಾನಗಿ ಕೊಳ್ಳಬೇಕಾದ ಬ್ರಿಟನ್ನಿನ ಮಾರುಕಟ್ಟೆಯಲ್ಲಿಯೂ, ನಿಯಮಕ್ಕೆ ಒಪ್ಪುವ ಮರಕ್ಕೆ ಸೊನ್ನೆ. ಇದು ಬರೀ ಕಾಗದದ ಸೊನ್ನೆಯಲ್ಲ, ಕೋಟ್ಯಂತರ ಪೌಂಡ್ ಉಳಿಸುವ ಸೊನ್ನೆ.

1060, 120, 0. ಒಂದೇ ಮರ, ಒಂದೇ ಬೆಂಕಿ. ಅಳಿಯ ಅಲ್ಲ, ಮಗಳ ಗಂಡ ಎಂದರಂತೆ.

ಈ ಸೊನ್ನೆ ಎಲ್ಲಿಂದ ಬಂತು ಎಂದು ತಿಳಿಯಲು ಇಂಗಾಲದ ವರದಿಗಳ ವ್ಯಾಕರಣ ಸ್ವಲ್ಪ ಗೊತ್ತಿರಬೇಕು. ಜಗತ್ತಿನ ಹೆಚ್ಚಿನ ಕಂಪನಿಗಳು ಅನುಸರಿಸುವುದು ಹಸಿರುಮನೆ ಅನಿಲಗಳ ಪ್ರೋಟೋಕಾಲ್ ಎಂಬ ನಿಯಮಾವಳಿಯನ್ನು. 2001ರಲ್ಲಿ ಮೊದಲು ಬಂತು, 2004ರಲ್ಲಿ ಪರಿಷ್ಕೃತವಾಯಿತು. ಅದು ಹೊರಸೂಸುವಿಕೆಯನ್ನು ಮೂರು 'ಸ್ಕೋಪ್'ಗಳಾಗಿ ವಿಂಗಡಿಸುತ್ತದೆ. ಸ್ಕೋಪ್ 1 ಎಂದರೆ ಕಂಪನಿ ತನ್ನ ಒಲೆಯಲ್ಲಿ ತಾನೇ ಉರಿಸಿದ್ದು. ಸ್ಕೋಪ್ 2, ಕೊಂಡುಕೊಂಡ ಕರೆಂಟಿನ ಹಿಂದಿರುವುದು. ಸ್ಕೋಪ್ 3, ಸರಕು ಪೂರೈಸುವವರಿಂದ ಹಿಡಿದು ಗಿರಾಕಿಗಳವರೆಗೆ ಮಿಕ್ಕ ಎಲ್ಲವೂ. ಪ್ರೋಗ್ರಾಮ್ ಬರೆಯುವವರಿಗೆ ಈ ಸ್ಕೋಪ್ ಎಂಬ ಪದ ಹಳೆಯ ಗೆಳೆಯ. ಒಂದು ಚಲಕ ಯಾವ ಆವರಣದೊಳಗೆ ಕಾಣುತ್ತದೆ, ಎಲ್ಲಿಂದಾಚೆ ಕಾಣುವುದಿಲ್ಲ ಎಂಬುದನ್ನು ನಾವೂ ಹಾಗೆಯೇ ಕರೆಯುತ್ತೇವೆ. ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದಲ್ಲ ಎಂಬುದು ಎರಡೂ ಕಡೆ ನಿಜ.

ಐಟಿ ಕಂಪನಿಗೋ ಬ್ಯಾಂಕಿಗೋ ಸ್ಕೋಪ್ 1 ತೀರಾ ಚಿಕ್ಕದು. ವಿದ್ಯುತ್ ಕಂಪನಿಯ ವಿಷಯ ಬೇರೆ. ಒಲೆಯೇ ಅದರ ಕಸುಬು. ಉಳಿದೆಲ್ಲ ಕಂಪನಿಗಳ ಸ್ಕೋಪ್ 2 ಹುಟ್ಟುವುದೇ ವಿದ್ಯುತ್ ಕಂಪನಿಗಳ ಸ್ಕೋಪ್ 1ರಲ್ಲಿ. ಇಲ್ಲಿ ಒಂದು ಸೊನ್ನೆ ಬರೆದರೆ ಅದು ಊರಿಗೆಲ್ಲ ಹಂಚಿಕೆಯಾಗುತ್ತದೆ. ಆಸ್ಪತ್ರೆ, ವಿಶ್ವವಿದ್ಯಾಲಯ, ಸೂಪರ್‌ಮಾರ್ಕೆಟ್ಟುಗಳೆಲ್ಲ 'ನಮ್ಮ ಕರೆಂಟು ಶೇಕಡ ನೂರು ಹಸಿರು' ಎಂದು ಬೋರ್ಡು ಹಾಕುವಾಗ ಅದರೊಳಗೆ ಯಾರ್ಕ್‌ಶೈರಿನ ಮರವೂ ಒಂದಿಷ್ಟು ಇರಬಹುದು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ. ಮರ, ಹುಲ್ಲು, ಸಗಣಿ ಮುಂತಾದ ಜೈವಿಕ ಇಂಧನ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡನ್ನು ಮೂರೂ ಸ್ಕೋಪ್‌ಗಳ ಹೊರಗೆ, ಬೇರೆ ಸಾಲಿನಲ್ಲಿ ತೋರಿಸಬೇಕು. ಡ್ರ್ಯಾಕ್ಸ್ ಹಾಗೆಯೇ ಮಾಡುತ್ತದೆ. ಅದರ ವಾರ್ಷಿಕ ವರದಿಯಲ್ಲಿ ಆ ಸಾಲು ಇದೆ, ನಾವೇ ಓದಬಹುದು. ಹಾಗಾಗಿ ಕಂಪನಿ ಅಂಕಿಯನ್ನು ಬಚ್ಚಿಟ್ಟಿದೆ ಎನ್ನುವುದು ಅನ್ಯಾಯದ ಮಾತು. ಆದರೆ ಒಟ್ಟು ಮೊತ್ತ ಕೂಡಿಸುವಾಗ ಆ ಸಾಲು ಸೇರುವುದಿಲ್ಲ. 2012ರಿಂದ ಈಚೆಗೆ ವಿದ್ಯುತ್ ಉತ್ಪಾದನೆಯ ಇಂಗಾಲವನ್ನು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಗ್ಗಿಸಿದ್ದೇವೆ ಎಂದು ಕಂಪನಿ ಹೇಳಿಕೊಳ್ಳುವುದು ಆ ಸಾಲನ್ನು ಬಿಟ್ಟು ಕೂಡಿಸಿದ ಮೊತ್ತದಿಂದ. ಅದನ್ನು ಸೇರಿಸಿ ನೋಡಿದವರೂ ಇದ್ದಾರೆ. ಎಂಬರ್ ಎಂಬ ಅಧ್ಯಯನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಡ್ರ್ಯಾಕ್ಸ್ ಚಿಮಣಿಯಿಂದ ಹೊರಬಿದ್ದದ್ದು ಒಂದು ಕೋಟಿ ಹದಿನೈದು ಲಕ್ಷ ಟನ್. ಅಂದರೆ, ಆಗ ದೇಶದಲ್ಲಿ ಉಳಿದಿದ್ದ ಒಂದೇ ಒಂದು ಕಲ್ಲಿದ್ದಲು ಸ್ಥಾವರ, 2024ರ ಸೆಪ್ಟೆಂಬರಿನಲ್ಲಿ ಮುಚ್ಚಿದ ರ‍್ಯಾಟ್‌ಕ್ಲಿಫ್, ಆ ವರ್ಷ ಬಿಟ್ಟದ್ದರ ಸುಮಾರು ನಾಲ್ಕು ಪಟ್ಟು.

ಹಾಗಾದರೆ ಆ ನಿಯಮ ಮಾಡಿದವರು ಮೂರ್ಖರೇ? ಖಂಡಿತ ಅಲ್ಲ. ಅದರ ಹಿಂದೆ ಒಳ್ಳೆಯ ತರ್ಕವಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ದೇಶಗಳು ವಿಶ್ವಸಂಸ್ಥೆಗೆ ತಮ್ಮ ಇಂಗಾಲದ ಲೆಕ್ಕ ಒಪ್ಪಿಸುವಾಗ ಎರಡು ದೊಡ್ಡ ಖಾತೆಗಳಿವೆ. ಒಂದು ಶಕ್ತಿಯ ಖಾತೆ, ಇನ್ನೊಂದು ನೆಲ ಮತ್ತು ಕಾಡಿನ ಖಾತೆ. ಒಂದು ಮರ ಕಡಿದ ದಿನವೇ ಅದರೊಳಗಿನ ಇಂಗಾಲ ಕಾಡಿನ ದಾಸ್ತಾನಿನಿಂದ ಹೋಯಿತು ಎಂದು ಕಾಡಿನ ಖಾತೆಯಲ್ಲಿ ಬರೆಯುತ್ತಾರೆ. ಅದೇ ಮರವನ್ನು ಸುಟ್ಟಾಗ ಶಕ್ತಿಯ ಖಾತೆಯಲ್ಲಿಯೂ ಬರೆದರೆ ಒಂದೇ ಇಂಗಾಲವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಆದ್ದರಿಂದ ಶಕ್ತಿಯ ಖಾತೆಯಲ್ಲಿ ಸೊನ್ನೆ ಹಾಕಿ, ಮಾಹಿತಿಗೆಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ ಎಂದು ನಿಯಮ. ಊರಿನ ಅಂಗಡಿಯಲ್ಲಿ ಕಿರ್ದಿ-ಖಾತೆ ಬರೆದವರಿಗೆ ಇದು ಕೂಡಲೇ ಅರ್ಥವಾದೀತು. ಒಂದೇ ಜಮೆಯನ್ನು ಎರಡು ಕಡೆ ಬರೆಯಬಾರದು, ಅಷ್ಟೆ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳದಿರಲು ಆಗುವುದಿಲ್ಲ. ಡೇಟಾಬೇಸ್ ಬಳಸುವವರು ಮೊದಲ ವಾರದಲ್ಲೇ ಕಲಿಯುವ ಪಾಠವೆಂದರೆ ಸೊನ್ನೆ ಬೇರೆ, 'ನಲ್' ಬೇರೆ ಎಂಬುದು. ಸೊನ್ನೆ ಎಂದರೆ ಎಣಿಸಿದೆವು, ಏನೂ ಇರಲಿಲ್ಲ ಎಂದು. ನಲ್ ಎಂದರೆ ಇಲ್ಲಿ ಬೆಲೆ ಬರೆದಿಲ್ಲ ಎಂದು. ಬೆಲೆ ಬೇರೆ ಟೇಬಲ್ಲಿನಲ್ಲಿದ್ದರೆ ಅಲ್ಲಿಗೊಂದು ಕೊಂಡಿ ಇಡುತ್ತೇವೆ. ಶಕ್ತಿಯ ಖಾತೆಯಲ್ಲಿ ಮರದ ಮುಂದಿರುವ ಸೊನ್ನೆ ನಿಜಕ್ಕೂ ಇಂಥ ಒಂದು ಕೊಂಡಿ: 'ಈ ಲೆಕ್ಕಕ್ಕೆ ಕಾಡಿನ ಖಾತೆ ನೋಡಿ.' ಅದನ್ನು ಬರೆದ ರೀತಿ ಮಾತ್ರ ಸೊನ್ನೆಯಂತಿದೆ. ದೇಶಗಳ ಲೆಕ್ಕಕ್ಕೆಂದು ಮಾಡಿದ ಈ ಅನುಕೂಲ ಕಂಪನಿಗಳ ವರದಿಗೆ, ಪರವಾನಗಿ ಮಾರುಕಟ್ಟೆಗೆ, ಸಹಾಯಧನಕ್ಕೆ, ಕೊನೆಗೆ ನಮ್ಮ ಬಿಲ್ಲಿಗೆ ಇಳಿದು ಬರುವ ಹೊತ್ತಿಗೆ ಕೊಂಡಿ ಕಳಚಿ ಬರೀ ಸೊನ್ನೆ ಉಳಿಯಿತು. 2009ರಲ್ಲೇ ಟಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಗಂಭೀರ ಲೆಕ್ಕದ ದೋಷವೆಂದು ಬರೆದಿದ್ದರು.

ಸರಿ, ಆ ಕೊಂಡಿ ಹಿಡಿದು ಹೋದರೆ ಎಲ್ಲಿಗೆ ತಲುಪುತ್ತೇವೆ? ಮರ ಕಡಿದ ದೇಶಕ್ಕೆ. ಅಂದರೆ ಬಹುಪಾಲು ಅಮೆರಿಕದ ಕಾಡಿನ ಖಾತೆಗೆ. ಅಲ್ಲಿ 'ಯಾರ್ಕ್‌ಶೈರಿಗೆ ಹೋದ ಮರ' ಎಂಬ ಸಾಲು ಇರುವುದಿಲ್ಲ. ದೇಶದ ಕಾಡುಗಳೆಲ್ಲ ಸೇರಿ ಬೆಳೆದದ್ದೆಷ್ಟು, ಕಡಿದದ್ದೆಷ್ಟು ಎಂದು ಕಳೆದು ಉಳಿದ ನಿವ್ವಳ ಇರುತ್ತದೆ. ಆ ನಿವ್ವಳ ಲಾಭದಲ್ಲೇ ಇದೆ. ಅಮೆರಿಕದ ಕಾಡುಗಳು ಒಟ್ಟಾರೆ ಇಂಗಾಲ ಹೀರಿಕೊಳ್ಳುತ್ತಿವೆ. ಮಿಸ್ಸಿಸ್ಸಿಪ್ಪಿಯಲ್ಲಿ ಪೆಲೆಟ್ಟಿಗಾಗಿ ಕಡಿದ ಮರ, ಸಾವಿರ ಮೈಲಿ ಆಚೆ ತನ್ನ ಪಾಡಿಗೆ ತಾನು ಬೆಳೆದ ಕಾಡಿನ ಮರೆಯಲ್ಲಿ ಕರಗಿಹೋಗುತ್ತದೆ.

ಇಷ್ಟಾದರೂ ಖಾತೆಯೊಂದು ಇತ್ತು ಎನ್ನಬಹುದಿತ್ತು. 2025ರ ಏಪ್ರಿಲ್ 15ರೊಳಗೆ ಅಮೆರಿಕ ವಿಶ್ವಸಂಸ್ಥೆಗೆ ಒಪ್ಪಿಸಬೇಕಿದ್ದ ಆ ವರ್ಷದ ಲೆಕ್ಕವನ್ನು ಒಪ್ಪಿಸಲೇ ಇಲ್ಲ. ಕೆಲಸ ಮಾಡಿದ ಅಧಿಕಾರಿಗಳ ಬಳಿ ಲೆಕ್ಕ ಸಿದ್ಧವಾಗಿತ್ತು; ಮಾಹಿತಿ ಹಕ್ಕಿನ ಕಾನೂನು ಬಳಸಿ ಒಂದು ಪರಿಸರ ಸಂಸ್ಥೆ ಅದನ್ನು ಆಮೇಲೆ ಹೊರಗೆ ತಂದಿತು. ಯಾರ್ಕ್‌ಶೈರಿನ ಸೊನ್ನೆ 'ಅಲ್ಲಿ ನೋಡಿ' ಎಂದು ಬೆರಳು ತೋರಿಸಿದ ಜಾಗದಲ್ಲಿ ಅಧಿಕೃತ ಪುಟವೇ ಇಲ್ಲದ ಸ್ಥಿತಿ ಬಂತು.

ಇನ್ನು ಕಾಲದ ಮಾತು. ಕಡಿದ ಮರದ ಜಾಗದಲ್ಲಿ ಇನ್ನೊಂದು ಬೆಳೆದು ಅಷ್ಟೇ ಇಂಗಾಲ ಹೀರಿಕೊಳ್ಳುತ್ತದಲ್ಲ, ಲೆಕ್ಕ ಚುಕ್ತಾ ಆಯಿತಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಯಾವಾಗ? ನಮ್ಮ ರಾಯಚೂರು, ಗಂಗಾವತಿ ಕಡೆಯ ಭತ್ತದ ಹುಲ್ಲನ್ನು ತೆಗೆದುಕೊಳ್ಳಿ. ಈ ವರ್ಷ ಸುಟ್ಟರೆ ಮುಂದಿನ ಬೆಳೆಯಲ್ಲಿ ಅಷ್ಟೇ ಹುಲ್ಲು ಮತ್ತೆ ಬರುತ್ತದೆ. ಭಾರತ ಸರ್ಕಾರ 2021ರಲ್ಲಿ ಕಲ್ಲಿದ್ದಲು ಸ್ಥಾವರಗಳು ನೂರಕ್ಕೆ ಐದರಷ್ಟು ಜೈವಿಕ ಪೆಲೆಟ್ ಬೆರೆಸಿ ಉರಿಸಬೇಕೆಂದು ಆದೇಶಿಸಿದಾಗ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ಇಂಥ ಕೃಷಿ ತ್ಯಾಜ್ಯವೇ. ಅಲ್ಲಿ ಸೊನ್ನೆ ಹೆಚ್ಚುಕಡಿಮೆ ಪ್ರಾಮಾಣಿಕ ಸೊನ್ನೆ. ಮರ ಹಾಗಲ್ಲ. ಸುಡಲು ಕ್ಷಣ ಸಾಕು, ಬೆಳೆಯಲು ದಶಕಗಳು ಬೇಕು. ನಡುವಿನ ವರ್ಷಗಳಲ್ಲಿ ಆ ಇಂಗಾಲ ಗಾಳಿಯಲ್ಲೇ ಇರುತ್ತದೆ. ಅದನ್ನು ಸಾಲವೆಂದು ಕರೆಯುವವರ ಮಾತು ನಮಗೆ ಸರಿ ಎನಿಸುತ್ತದೆ. ಬ್ರಿಟನ್ 2019ರಲ್ಲಿ ಕಾನೂನು ಮಾಡಿ ಗುರಿ ಇಟ್ಟುಕೊಂಡದ್ದು 2050ಕ್ಕೆ. ಇಂದು ನೆಟ್ಟ ಸಸಿ ಅಷ್ಟರೊಳಗೆ ಎಷ್ಟು ಸಾಲ ತೀರಿಸೀತು?

ಡ್ರ್ಯಾಕ್ಸ್ ಪಕ್ಷದ ವಾದವನ್ನೂ ಕೇಳಬೇಕು. ನಾವು ಒಳ್ಳೆಯ ಮರ ಕಡಿದು ಸುಡುವುದಿಲ್ಲ, ಗರಗಸದ ಮಿಲ್ಲಿನ ಪುಡಿ, ಕೊಂಬೆ ತುದಿ, ತೆಳುಗೊಳಿಸಲು ತೆಗೆದ ಸಣ್ಣ ಮರ, ಹಲಗೆಗೆ ಬಾರದ ಸೊಟ್ಟ ದಿಮ್ಮಿ ಇಂಥವನ್ನು ಬಳಸುತ್ತೇವೆ ಎನ್ನುತ್ತದೆ ಕಂಪನಿ. ನಾವು ಮರ ತರುವ ಕಡೆಗಳಲ್ಲಿ ಕಾಡು ಕುಗ್ಗುತ್ತಿಲ್ಲ ಎನ್ನುತ್ತದೆ. ಗಾಳಿ ಬೀಸದ ಚಳಿಗಾಲದ ಸಂಜೆ ಬೇಕೆಂದಾಗ ಕರೆಂಟು ಕೊಡುವವರು ಯಾರು ಎಂದೂ ಕೇಳುತ್ತದೆ. ಕೊನೆಯ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಮೊದಲನೆಯದು ನಿಜವಾದರೆ ಸಾಲದ ಅವಧಿಯೂ ಬಹಳ ಕಡಿಮೆಯಾಗುತ್ತದೆ. ಗರಗಸದ ಪುಡಿ ಹೇಗಿದ್ದರೂ ಕೊಳೆತು ಗಾಳಿ ಸೇರುವಂಥದೇ. ಹಾಗಾಗಿ ಎಲ್ಲವೂ ನಿಂತಿರುವುದು ಒಂದು ಮಾಹಿತಿಯ ಮೇಲೆ: ತಂದದ್ದು ಎಂಥ ಮರ?

ಆ ಮಾಹಿತಿಯಲ್ಲೇ ಎಡವಟ್ಟಾಯಿತು. 2022ರ ಅಕ್ಟೋಬರಿನಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಹಳೆಯ ಕಾಡಿನ ಮರ ಪೆಲೆಟ್ಟಾಗುತ್ತಿದೆ ಎಂದು ತೋರಿಸಿತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. 2023ರ ಮೇನಲ್ಲಿ ಶಕ್ತಿ ನಿಯಂತ್ರಕ ಆಫ್‌ಜೆಮ್ ತನಿಖೆ ಶುರುಮಾಡಿತು. 2024ರ ಆಗಸ್ಟ್‌ನಲ್ಲಿ ಬಂದ ತೀರ್ಮಾನ ಹೀಗಿತ್ತು: 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಕೆನಡಾದಿಂದ ತಂದ ಮರದ ಬಗ್ಗೆ, ಯಾವ ಬಗೆಯ ಕಾಡು, ಅದರಲ್ಲಿ ಹಲಗೆಗೆ ಬರುವ ದಿಮ್ಮಿ ಎಷ್ಟು ಎಂಬ ವಿವರಗಳನ್ನು ಕಂಪನಿ ಸರಿಯಾಗಿ ಕೊಟ್ಟಿಲ್ಲ, ಮಾಹಿತಿ ನಿರ್ವಹಣೆಯ ವ್ಯವಸ್ಥೆ ಸಾಲದು. ಬೇಕೆಂದೇ ತಪ್ಪು ಬರೆದರು ಎನ್ನಲು, ಸಹಾಯಧನ ಅನ್ಯಾಯವಾಗಿ ಸಂದಿತು ಎನ್ನಲು ಸಾಕ್ಷ್ಯವಿಲ್ಲ ಎಂದೂ ಆಫ್‌ಜೆಮ್ ಹೇಳಿತು. ಕಂಪನಿ ಎರಡೂವರೆ ಕೋಟಿ ಪೌಂಡ್ ಕಟ್ಟಲು ಒಪ್ಪಿತು. 2025ರ ಆಗಸ್ಟ್‌ನಲ್ಲಿ ಹಣಕಾಸು ನಿಯಂತ್ರಕರು, ಮರದ ಮೂಲದ ಬಗ್ಗೆ ಕಂಪನಿ ಹಿಂದೆ ಕೊಟ್ಟ ಹೇಳಿಕೆಗಳ ಕುರಿತು ಬೇರೆಯೇ ತನಿಖೆ ಆರಂಭಿಸಿದರು.

ಇಷ್ಟೆಲ್ಲ ಓದಿದಾಗ ನಮಗನಿಸಿದ್ದು, ಕಾಡಿನ ಭವಿಷ್ಯ ನಿರ್ಧಾರವಾಗುವುದು ಒಂದು ಡ್ರಾಪ್‌ಡೌನ್ ಪಟ್ಟಿಯಲ್ಲಿ ಎಂದು. ಲಾರಿಯೊಂದು ಕಾರ್ಖಾನೆಯ ತೂಕದ ಸೇತುವೆಗೆ ಬರುತ್ತದೆ, ಒಬ್ಬ ಗುಮಾಸ್ತ ಅದರ ಮೇಲಿನ ಮರಕ್ಕೆ ಒಂದು ವರ್ಗ ಆರಿಸುತ್ತಾನೆ ಎಂದಿಟ್ಟುಕೊಳ್ಳಿ. ಅವನು ಆರಿಸಿದ ಪದವೇ ಹಡಗು ಹತ್ತಿ, ಕೋಷ್ಟಕಗಳನ್ನು ದಾಟಿ, ಯಾರ್ಕ್‌ಶೈರಿನಲ್ಲಿ 'ಸುಸ್ಥಿರ' ಎಂಬ ವಿಶೇಷಣವಾಗಿ ಮುದ್ರಣಗೊಳ್ಳುತ್ತದೆ.

ಇದೇ ಸೊನ್ನೆಯ ಮೇಲೆ ಇನ್ನೂ ದೊಡ್ಡದೊಂದು ವಚನವನ್ನು ಕಟ್ಟಿದ್ದಾರೆ. 2019ರ ಡಿಸೆಂಬರಿನಲ್ಲಿ ಡ್ರ್ಯಾಕ್ಸ್, 2030ರ ಹೊತ್ತಿಗೆ ತಾನು 'ಇಂಗಾಲ ಋಣಾತ್ಮಕ' ಕಂಪನಿಯಾಗುವುದಾಗಿ ಸಾರಿತು. ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಗಾಳಿಯಿಂದ ತೆಗೆಯುತ್ತೇವೆ ಎಂದರ್ಥ. ಉಪಾಯ ಇದು: ಚಿಮಣಿಯಿಂದ ಹೋಗುವ ಅನಿಲವನ್ನು ಹಿಡಿದು ಉತ್ತರ ಸಮುದ್ರದ ತಳದ ಬಂಡೆಗಳೊಳಗೆ ತುಂಬಿಸುವುದು. ಗಣಿತ ನೋಡಿ. ನೂರು ಟನ್ ಹೊರಬಂತು, ತೊಂಬತ್ತೈದು ಹಿಡಿದರು ಎಂದಿಟ್ಟುಕೊಳ್ಳೋಣ. ಚಿಮಣಿಯ ಲೆಕ್ಕದಲ್ಲಿ ಐದು ಟನ್ ಇನ್ನೂ ಗಾಳಿಗೆ ಹೋಯಿತು. ಆದರೆ ಆರಂಭದ ನೂರನ್ನು ಸೊನ್ನೆ ಎಂದು ಬರೆದಾಗಿದೆಯಲ್ಲ, ಸೊನ್ನೆಯಿಂದ ತೊಂಬತ್ತೈದು ಕಳೆದರೆ ಋಣ ತೊಂಬತ್ತೈದು! ಮರ ನಿಜಕ್ಕೂ ಮತ್ತೆ ಬೆಳೆದರೆ ಈ ಋಣ ನಿಜವಾಗುತ್ತದೆ, ಬೆಳೆಯದಿದ್ದರೆ ಇಲ್ಲ. ಮತ್ತೆ ಅದೇ ಕಾಡಿನ ಖಾತೆಗೆ ಹೋಗಬೇಕು.

2019ರಲ್ಲೇ ದಿನಕ್ಕೆ ಒಂದು ಟನ್ ಹಿಡಿಯುವ ಪ್ರಯೋಗ ಅಲ್ಲಿ ನಡೆಯಿತು. 2024ರ ಜನವರಿಯಲ್ಲಿ ಎರಡು ಘಟಕಗಳಿಗೆ, ವರ್ಷಕ್ಕೆ ಎಂಬತ್ತು ಲಕ್ಷ ಟನ್ ಹಿಡಿಯುವ ದೊಡ್ಡ ಯಂತ್ರಾಗಾರಕ್ಕೆ ಸರ್ಕಾರದ ನಿರ್ಮಾಣ ಅನುಮತಿ ಸಿಕ್ಕಿತು. 2025 ಮುಗಿದರೂ ನಿರ್ಮಾಣ ಶುರುವಾಗಲಿಲ್ಲ. ಇಲ್ಲಿಯೇ ಕ್ರಿಯಾಪದಗಳನ್ನು ಗಮನಿಸಬೇಕೆಂದದ್ದು. 2019ರ ಆ ಘೋಷಣೆಗೆ ಕಂಪನಿ ಆರಿಸಿಕೊಂಡ ಇಂಗ್ಲಿಷ್ ಪದದ ಕನ್ನಡ 'ಮಹತ್ವಾಕಾಂಕ್ಷೆ'. ಬದ್ಧತೆ ಎಂದಿರಲಿಲ್ಲ. ಪತ್ರಿಕೆಗಳ ತಲೆಬರಹಗಳು ಅದನ್ನು ಪ್ರತಿಜ್ಞೆ ಎಂಬಂತೆ ಓದಿಕೊಂಡವು. ಮಹತ್ವಾಕಾಂಕ್ಷೆ ಈಡೇರದಿದ್ದರೆ ಯಾರೂ ವಚನಭ್ರಷ್ಟರಾಗುವುದಿಲ್ಲ.

ಹೋಲಿಕೆಗೆ, 2018ರ ಡಿಸೆಂಬರಿನಲ್ಲಿ ಅಮೆರಿಕದ ಎಕ್ಸೆಲ್ ಎನರ್ಜಿ ಕಂಪನಿ ಹೇಳಿದ ಮಾತು ನೋಡಿ: ಗಿರಾಕಿಗಳಿಗೆ ಕೊಡುವ ಕರೆಂಟಿನ ಇಂಗಾಲವನ್ನು 2005ಕ್ಕೆ ಹೋಲಿಸಿ 2030ರೊಳಗೆ ನೂರಕ್ಕೆ 80 ಕಡಿತ, 2050ಕ್ಕೆ ಪೂರ್ತಿ ಇಂಗಾಲರಹಿತ. ಆಧಾರ ವರ್ಷ ಇದೆ, ಪ್ರಮಾಣ ಇದೆ. ತಾನು ಉತ್ಪಾದಿಸಿದ್ದಷ್ಟೇ ಅಲ್ಲದೆ ಬೇರೆಯವರಿಂದ ಕೊಂಡು ಮಾರಿದ್ದೂ ಲೆಕ್ಕದೊಳಗಿದೆ, ಹಾಗಾಗಿ ಸ್ಥಾವರ ಮಾರಿ ಅದರದೇ ಕರೆಂಟು ಕೊಂಡರೆ ಅಂಕಿ ಇಳಿಯುವುದಿಲ್ಲ. ಈಡೇರುತ್ತದೋ ಇಲ್ಲವೋ ಕಾಲ ಹೇಳಲಿ, ಅಳೆಯಲು ಬರುವ ಮಾತಂತೂ ಹೌದು.

ಯಾವ ಕಾಲಮ್ಮಿಗೂ ಬಾರದ ಇನ್ನೊಂದು ಸಂಗತಿ ಉಂಟು. ಮಿಸ್ಸಿಸ್ಸಿಪ್ಪಿಯ ಗ್ಲಾಸ್ಟರ್ ಎಂಬ ಸಣ್ಣ ಊರಿನಲ್ಲಿ ಡ್ರ್ಯಾಕ್ಸ್‌ನ ಪೆಲೆಟ್ ಕಾರ್ಖಾನೆಯಿದೆ. ಊರಿನವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಮರ ಒಣಗಿಸುವಾಗ ಹೊರಬರುವ ಸಾವಯವ ಆವಿಗಳು ಮಿತಿ ಮೀರಿದ್ದಕ್ಕೆ ರಾಜ್ಯದ ಪರಿಸರ ಇಲಾಖೆ 2020ರಲ್ಲಿ 25 ಲಕ್ಷ ಡಾಲರ್ ದಂಡ ಹಾಕಿತು. ದೂಳು, ಸದ್ದು, ಉಸಿರಾಟದ ತೊಂದರೆ ಎಂದು ಅಲ್ಲಿನ ಜನ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಇಂಗಾಲದ ವರದಿ ಅಳೆಯುವುದು ಟನ್ನುಗಳನ್ನು. ಕೆಮ್ಮಿಗೆ ಅಲ್ಲಿ ಘಟಕವಿಲ್ಲ. ಇಲ್ಲಿ ನಾವು ಹಸಿರು ಎಂದು ಕೊಳ್ಳುವ ಯೂನಿಟ್ಟಿನ ಒಂದು ತುದಿ ಆ ಊರಿನಲ್ಲಿದೆ.

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಈಗಿನ ಸಹಾಯಧನ 2027ರ ಮಾರ್ಚ್‌ವರೆಗೆ ಎಂದು ಗೊತ್ತಾಗಿದೆ. ಮುಂದೇನು ಎಂಬ ಪ್ರಶ್ನೆಗೆ 2025ರ ಫೆಬ್ರವರಿಯಲ್ಲಿ ಉತ್ತರ ಬಂತು. 2027ರಿಂದ 2031ರವರೆಗೆ ಇನ್ನೊಂದು ಒಪ್ಪಂದ, ಆದರೆ ಸಹಾಯಧನ ಸುಮಾರು ಅರ್ಧಕ್ಕೆ ಇಳಿಕೆ. ಮೊದಲು ಸಾಮರ್ಥ್ಯದ ಮೂರನೇ ಎರಡು ಭಾಗದಷ್ಟು ಓಡುತ್ತಿದ್ದ ಸ್ಥಾವರಕ್ಕೆ ಇನ್ನು ನೂರಕ್ಕೆ 27ರಷ್ಟಕ್ಕೆ ಮಾತ್ರ ನೆರವು, ಅಂದರೆ ನಿಜಕ್ಕೂ ಬೇಕಾದ ಸಂಜೆಗಳಿಗೆ. ಸುಸ್ಥಿರ ಮೂಲದ ಮರ ನೂರಕ್ಕೆ 70 ಇದ್ದರೆ ಸಾಕೆಂಬ ಷರತ್ತು ನೂರಕ್ಕೆ ನೂರಾಗುತ್ತದೆ, ಹಳೆಯ ಮೂಲಕಾಡಿನ ಮರಕ್ಕೆ ಬೆಂಬಲವಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಒಳ್ಳೆಯ ತಿದ್ದುಪಡಿ. ಸೊನ್ನೆಯನ್ನು ಮಾತ್ರ ಯಾರೂ ಮುಟ್ಟಿಲ್ಲ.

ನಿಮ್ಮ ನಿಮ್ಮ ಕರೆಂಟು ಕಂಪನಿಯ ಇಂಧನ ಪಟ್ಟಿ ಅದರ ಜಾಲತಾಣದಲ್ಲಿ ಸಿಗುತ್ತದೆ. ಬಿಡುವಾದಾಗ ತೆರೆದು ನೋಡಿ. ನವೀಕರಿಸಬಹುದಾದದ್ದು ಎಂಬ ಸಾಲಿನಲ್ಲಿ ಗಾಳಿ ಎಷ್ಟು, ಬಿಸಿಲೆಷ್ಟು, ಮರ ಎಷ್ಟು ಎಂದು ಬಿಡಿಸಿ ಹೇಳಿದ್ದಾರೆಯೇ ಗಮನಿಸಿ. ಹೇಳಿರದಿದ್ದರೆ ಒಂದು ಪತ್ರ ಬರೆದು ಕೇಳಬಹುದು. ಡ್ರ್ಯಾಕ್ಸ್‌ನ ವಾರ್ಷಿಕ ವರದಿ ಪ್ರತಿ ವಸಂತದಲ್ಲಿ ಬರುತ್ತದೆ. ಇಂಗಾಲದ ಕೋಷ್ಟಕದಲ್ಲಿ ಸ್ಕೋಪ್ 1, 2, 3 ಮುಗಿದ ಮೇಲೆ ಬೇರೆಯಾಗಿ ನಿಂತ ಒಂದು ಸಾಲು ಸಿಗುತ್ತದೆ, ಹತ್ತಾರು ಲಕ್ಷ ಟನ್ನುಗಳ ಅಂಕಿ ಅಲ್ಲಿರುತ್ತದೆ.